ಸನ್ನಿಧಾನದ ಹೆಸರು, ನದಿಯ ದಾರಿ: ಮಹಾರಾಣಿ ವಾಣಿವಿಲಾಸರ ಜೀವನಕಥನವನ್ನು ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಿಂದ ಓದುವುದು

ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾವತಿ ಕಡೂರು ಸೀಮೆಯನ್ನು ಹಾದು, ಹಿರಿಯೂರು ತಾಲ್ಲೂಕಿನ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ನುಸುಳಿ, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಗೆ ತಿರುಗಿ ಆಂಧ್ರದ ಗಡಿಯನ್ನು ಪ್ರವೇಶಿಸುತ್ತದೆ. ಅಲ್ಲಿಂದ ಮುಂದೆ ಹಗರಿ ಎನ್ನಿಸಿಕೊಂಡು ಬಳ್ಳಾರಿ ಸೀಮೆಯಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. 1907ರಿಂದ ಈಚೆಗೆ ಈ ನದಿಯು ಚಳ್ಳಕೆರೆಯ ನೆಲಕ್ಕೆ ಬರಬೇಕಾದರೆ ಒಬ್ಬ ರಾಣಿಯ ಹೆಸರನ್ನು ದಾಟಿ ಬರಬೇಕಾಗಿದೆ. ಆ ಹೆಸರು ವಾಣಿವಿಲಾಸ. ಜಿಲ್ಲೆಯಲ್ಲಿ ಈ ಹೆಸರನ್ನು ಉಚ್ಚರಿಸದ ದಿನವಿಲ್ಲ. ಆದರೆ ಅದು ಯಾರ ಹೆಸರು, ಆಕೆ ಹೇಗೆ ಬದುಕಿದರು ಎಂಬುದನ್ನು ಬಲ್ಲವರು ವಿರಳ. ಸಾಗರದ ಮಟ್ಟ ಎಷ್ಟು ಅಡಿಗೆ ಬಂದಿದೆ ಎಂಬುದು ಎಲ್ಲರಿಗೂ ಗೊತ್ತು.

ಪ್ರಸ್ತುತ ಪ್ರಬಂಧವು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ, ಅಂದರೆ ವಾಣಿವಿಲಾಸ ಸನ್ನಿಧಾನದವರ, ಜೀವನಚರಿತ್ರೆಯನ್ನು ಹೊಸದಾಗಿ ಬರೆಯುವ ಪ್ರಯತ್ನವಲ್ಲ. ಆ ಜೀವನವನ್ನು ಇದುವರೆಗೆ ಬರೆದಿರುವ ರೀತಿಯನ್ನು, ಬರೆಯದೆ ಬಿಟ್ಟಿರುವ ರೀತಿಯನ್ನೂ, ವಿಮರ್ಶೆಯ ಕಣ್ಣಿನಿಂದ ನೋಡುವುದಷ್ಟೇ ಇಲ್ಲಿಯ ಉದ್ದೇಶ. ಇದಕ್ಕೆ ಮೈಸೂರಿನ ಅರಮನೆಯ ಅಂಗಳದಲ್ಲಿ ನಿಂತು ನೋಡುವ ಬದಲು, ಆ ಹೆಸರಿನ ಅಣೆಕಟ್ಟೆಯ ಕೆಳದಂಡೆಯಲ್ಲಿ ನಿಂತು ನೋಡುವುದು ಹೆಚ್ಚು ಫಲಪ್ರದವೆಂದು ನನಗೆ ತೋರಿದೆ. ಇದಕ್ಕೆ ಕಾರಣ ಭೌಗೋಳಿಕವಷ್ಟೇ ಅಲ್ಲ. ಕನ್ನಡದಲ್ಲಿ ಅರಸುಮನೆಯ ಹೆಣ್ಣುಗಳ ಅಂತರಂಗವನ್ನು ಅತ್ಯಂತ ವಿಸ್ತಾರವಾಗಿ ಚಿತ್ರಿಸಿದ ಲೇಖಕರ ಮನೆತನವೂ ಇದೇ ಚಳ್ಳಕೆರೆ ತಾಲ್ಲೂಕಿನದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ನಿಶ್ಚಿತವಾಗಿ ತಿಳಿದಿರುವುದನ್ನು ಹೇಳಬೇಕು. ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು 1866ರಲ್ಲಿ, ಕಳಲೆ ಮನೆತನದ ಸರದಾರ್ ನರಸರಾಜ ಅರಸರ ಮಗಳಾಗಿ. 1878ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಅವರ ವಿವಾಹವು ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಪುತ್ರರಾದ ಹತ್ತನೆಯ ಚಾಮರಾಜ ಒಡೆಯರೊಡನೆ ನಡೆಯಿತು. ಆಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಮೂರು ವರ್ಷಗಳ ಅನಂತರ, 1881ರ ಮಾರ್ಚ್ 25ರಂದು, ರಾಜ್ಯವು ಒಡೆಯರಿಗೆ ಹಿಂದಿರುಗಿತು. 1884ರಲ್ಲಿ ಕೃಷ್ಣರಾಜರು ಹುಟ್ಟಿದರು. 1894ರ ಡಿಸೆಂಬರ್ 28ರಂದು ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡರು; ಅವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. 1895ರ ಫೆಬ್ರವರಿಯಲ್ಲಿ ಹತ್ತು ವರ್ಷದ ಕೃಷ್ಣರಾಜರ ಪಟ್ಟಾಭಿಷೇಕವಾಯಿತು. ಇಪ್ಪತ್ತೆಂಟರ ಆಸುಪಾಸಿನ ವಿಧವೆ ತಾಯಿ ರಾಜಪ್ರತಿನಿಧಿಯಾದರು. 1902ರ ಆಗಸ್ಟ್ 8ರಂದು ಲಾರ್ಡ್ ಕರ್ಜನ್ನರ ಸಮ್ಮುಖದಲ್ಲಿ ಮಗನಿಗೆ ಅಧಿಕಾರ ಒಪ್ಪಿಸಿದ ಮೇಲೆ ಅವರು ಇನ್ನೂ ಮೂವತ್ತೆರಡು ವರ್ಷ ಬದುಕಿ 1934ರಲ್ಲಿ ನಿಧನರಾದರು.

ಈ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಅರವತ್ತೆಂಟು ವರ್ಷದ ಬದುಕಿನಲ್ಲಿ ಚರಿತ್ರೆಕಾರರು ವಿವರವಾಗಿ ಬರೆದಿರುವುದು ಏಳೂವರೆ ವರ್ಷಗಳನ್ನು ಮಾತ್ರ. ಅದಕ್ಕೆ ಹಿಂದಿನ ಹದಿನೇಳು ವರ್ಷಗಳಲ್ಲಿ ಅವರು ಪತಿಯ ಚರಿತ್ರೆಯ ಒಂದು ವಾಕ್ಯ. ಮುಂದಿನ ಮೂವತ್ತೆರಡು ವರ್ಷಗಳಲ್ಲಿ ಮಗನ ಚರಿತ್ರೆಯ ಒಂದು ವಿಶೇಷಣ. ನಾಲ್ವಡಿಯವರನ್ನು ಕುರಿತ ಬರೆಹಗಳಲ್ಲಿ ‘ಮಾತೃಶ್ರೀ’ ಎಂಬ ಪದ ಬಂದಲ್ಲೆಲ್ಲ ಈ ಮಹಾರಾಣಿ ಇರುತ್ತಾರೆ, ಆದರೆ ಮಾತಾಡುವುದಿಲ್ಲ.

ಹೆಸರಿನ ವಿಚಾರದಲ್ಲಿ ಸ್ವಲ್ಪ ನಿಲ್ಲುವುದು ಅಗತ್ಯ. ಮೈಸೂರು ಅರಮನೆಯಲ್ಲಿ ರಾಣಿಯರನ್ನು ಸನ್ನಿಧಾನಗಳ ಹೆಸರಿನಿಂದ ಗುರುತಿಸುವ ಪದ್ಧತಿಯಿತ್ತು. ಮುಮ್ಮಡಿಯವರ ರಾಣಿಯರಲ್ಲಿ ಲಕ್ಷ್ಮೀವಿಲಾಸ, ರಮಾವಿಲಾಸ, ಸೀತಾವಿಲಾಸ ಎಂಬ ಸನ್ನಿಧಾನಗಳಿದ್ದವು. ನಾಲ್ವಡಿಯವರು 1900ರಲ್ಲಿ ಕಾಠಿಯಾವಾಡದಿಂದ ತಂದ ರಾಣಿ ಪ್ರತಾಪಕುಮಾರಿಯವರೂ ಲಕ್ಷ್ಮೀವಿಲಾಸ ಸನ್ನಿಧಾನರೆನ್ನಿಸಿಕೊಂಡರು. ವ್ಯಕ್ತಿಯ ಹೆಸರನ್ನು ಬಾಯಲ್ಲಿ ಆಡದೆ ಆಕೆ ಇರುವ ನೆಲೆಯನ್ನು ಹೇಳುವ ಮರ್ಯಾದೆ ಇದು. ನಮ್ಮ ಹಳ್ಳಿಗಳಲ್ಲಿಯೂ ‘ಮೇಗಲಮನೆಯವರು’, ‘ದೊಡ್ಡಮನೆಯಮ್ಮ’ ಎನ್ನುವುದುಂಟು. ಆದರೆ ವಾಣಿವಿಲಾಸದ ಸಂದರ್ಭದಲ್ಲಿ ಈ ನೆಲೆಯ ಹೆಸರು ಅರಮನೆಯಿಂದ ಹೊರಬಿದ್ದು ಶಾಲೆಯಾಯಿತು, ರಸ್ತೆಯಾಯಿತು, ಸಾಗರವಾಯಿತು, 1935ರಲ್ಲಿ ಬೆಂಗಳೂರಿನಲ್ಲಿ ಹೆಂಗಸರ ಮಕ್ಕಳ ಆಸ್ಪತ್ರೆಯಾಯಿತು. ನೆಲೆಯಿಂದ ವ್ಯಕ್ತಿಗೆ ಬಂದ ಹೆಸರು ಮತ್ತೆ ನೆಲೆಗಳಿಗೇ ಹೋಗಿ ಸೇರಿಕೊಂಡಿತು. ನಡುವೆ ಇದ್ದ ಕೆಂಪನಂಜಮ್ಮಣ್ಣಿ ಎಂಬ ಹೆಸರು ಸಂಶೋಧಕರ ಅಡಿಟಿಪ್ಪಣಿಗೆ ಉಳಿಯಿತು.

ರಾಜಪ್ರತಿನಿಧಿತ್ವದ ಅವಧಿಯ ಆಕರಗಳು ಸಾಕಷ್ಟಿವೆ. ದಸರೆಯ ಕಾಲದಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ಓದುತ್ತಿದ್ದ ಭಾಷಣಗಳು, ವಾರ್ಷಿಕ ಆಡಳಿತ ವರದಿಗಳು, ಅನಂತರ ಸಿ. ಹಯವದನರಾಯರ ಗ್ಯಾಸೆಟಿಯರು, 1936ರಲ್ಲಿ ಹೊರಬಂದ ಎಂ. ಶಾಮರಾಯರ ಆಧುನಿಕ ಮೈಸೂರಿನ ಚರಿತ್ರೆ ಇವು ಮುಖ್ಯವಾದವು. ಇವುಗಳಲ್ಲೆಲ್ಲ ಮಹಾರಾಣಿಯವರು ಪ್ರಥಮಪುರುಷದಲ್ಲಿ ಬರುತ್ತಾರೆ. ‘ಮಹಾರಾಣಿಯವರು ಮಂಜೂರು ಮಾಡಿದ್ದಾರೆ’, ‘ಮಹಾರಾಣಿಯವರ ಸರ್ಕಾರ ಸಂತೋಷಿಸುತ್ತದೆ’ ಎಂಬ ಧಾಟಿಯದು ಆ ವಾಕ್ಯರಚನೆ. ಈ ವಾಕ್ಯಗಳ ಹಿಂದೆ ಯಾರ ಇಚ್ಛೆಯಿತ್ತು ಎಂಬುದೇ ಜೀವನಚರಿತ್ರೆಕಾರನ ಮುಂದಿರುವ ನಿಜವಾದ ಪ್ರಶ್ನೆ.

ಇದಕ್ಕೆ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಒಂದು, ಪ್ರಶಸ್ತಿಯ ಉತ್ತರ: ಶಿವನಸಮುದ್ರದ ವಿದ್ಯುತ್ತು, ಮಾರಿಕಣಿವೆ, ಹೊಸ ಅರಮನೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಎಲ್ಲವೂ ಮಹಾರಾಣಿಯವರ ದೂರದೃಷ್ಟಿಯ ಫಲ. ಇನ್ನೊಂದು, ಅದಕ್ಕೆ ವಿರುದ್ಧವಾದದ್ದು: ಆಳಿದವರು 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್, ಮೇಲೆ ಬ್ರಿಟಿಷ್ ರೆಸಿಡೆಂಟರು, ಮಹಾರಾಣಿ ಕೇವಲ ಮುದ್ರೆ. ದಿವಾನರೂ ಮೂವರು ಸದಸ್ಯರೂ ಇದ್ದ ರಾಜಪ್ರತಿನಿಧಿ ಮಂಡಲಿಯ ರಚನೆಯನ್ನು ನೋಡಿದರೆ ಎರಡನೆಯ ಉತ್ತರ ಸತ್ಯಕ್ಕೆ ಹೆಚ್ಚು ಹತ್ತಿರವೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಈ ಎರಡೂ ಉತ್ತರಗಳು ಒಂದೇ ತಪ್ಪನ್ನು ಮಾಡುತ್ತಿವೆ ಎಂಬುದು ನನ್ನ ಅಭಿಪ್ರಾಯ. ಅಧಿಕಾರವೆಂದರೆ ಕಡತಕ್ಕೆ ಅಂಕಿತ ಹಾಕುವುದು ಎಂದೇ ಎರಡೂ ತಿಳಿದಿವೆ. ಅರಮನೆಯ ಹೆಣ್ಣಿನ ಅಧಿಕಾರ ಬಹುಮಟ್ಟಿಗೆ ಕಡತದ ಹೊರಗಿನದು. ಮದುವೆ, ದತ್ತು, ಮಕ್ಕಳ ಶಿಕ್ಷಣ, ತೌರಿನವರ ಸ್ಥಾನಮಾನ ಇವುಗಳಲ್ಲಿ ಅದನ್ನು ಹುಡುಕಬೇಕು.

ಹಾಗೆ ಹುಡುಕಿದರೆ ಸಿಗುವುದು ಕಳಲೆ. ಹದಿನೆಂಟನೆಯ ಶತಮಾನದಲ್ಲಿ ಮೈಸೂರಿನ ದಳವಾಯಿ ಪದವಿಯನ್ನು ಹಿಡಿದು ಒಡೆಯರನ್ನು ನೆಪಮಾತ್ರಕ್ಕೆ ಕೂರಿಸಿದ್ದ ದೇವರಾಜಯ್ಯ, ನಂಜರಾಜಯ್ಯ ಸೋದರರ ಮನೆತನ ಅದು. ಹೈದರಾಲಿ ಮೇಲೆದ್ದದ್ದು ಈ ಮನೆತನವನ್ನು ಬದಿಗೊತ್ತಿ. ಅದೇ ಕಳಲೆಯ ಹೆಣ್ಣುಮಗಳು 1895ರಲ್ಲಿ ರಾಜಪ್ರತಿನಿಧಿಯಾಗುತ್ತಾರೆ. 1897ರ ಫೆಬ್ರವರಿಯಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ನಡೆಯುತ್ತದೆ. ವರ ಮಹಾರಾಣಿಯವರ ತಮ್ಮ ಎಂ. ಕಾಂತರಾಜ ಅರಸರು. ಆ ಮದುವೆಯ ಸಂಭ್ರಮದಲ್ಲಿಯೇ ಹಳೆಯ ಮರದ ಅರಮನೆ ಬೆಂಕಿಗೆ ಸಿಕ್ಕಿತು ಎಂಬುದನ್ನು ಎಲ್ಲ ಚರಿತ್ರೆಗಳೂ ವಿವರವಾಗಿ ಹೇಳುತ್ತವೆ. ಹೆನ್ರಿ ಇರ್ವಿನ್ ಕಟ್ಟಿದ ಹೊಸ ಅರಮನೆಯ ಕಥೆ ಅಲ್ಲಿಂದ ಶುರುವಾಗುತ್ತದೆ. ಆದರೆ ಮದುವೆಯ ಅರ್ಥವನ್ನು ಯಾರೂ ಚರ್ಚಿಸುವುದಿಲ್ಲ. ಸೋದರಮಾವನಿಗೆ ಹೆಣ್ಣು ಕೊಡುವ ಈ ಸಂಬಂಧ ನಮ್ಮ ಸೀಮೆಯ ಯಾವ ಮನೆಯಲ್ಲಿಯೂ ಸಹಜವೇ. ಅರಮನೆಯಲ್ಲಿ ಅದಕ್ಕೆ ರಾಜಕೀಯ ಬೆಲೆಯಿದೆ. ಇದೇ ಕಾಂತರಾಜ ಅರಸರು ಮುಂದೆ ವಿಶ್ವೇಶ್ವರಯ್ಯನವರ ಅನಂತರ ಮೈಸೂರಿನ ದಿವಾನರಾದರು. ತಂಜಾವೂರು, ಮದರಾಸು ಕಡೆಯಿಂದ ಬಂದ ಅಧಿಕಾರಿಗಳ ಕೈಯಲ್ಲಿದ್ದ ದಿವಾನಗಿರಿ ಅರಸು ಮನೆತನಕ್ಕೆ ಬಂದ ಈ ದಾರಿಯಲ್ಲಿ ಒಬ್ಬ ಅಕ್ಕನ, ಅತ್ತೆಯ, ರಾಜಮಾತೆಯ ಕೈ ಎಷ್ಟಿತ್ತು ಎಂಬುದು ಸಂಶೋಧನೆಗೆ ತಕ್ಕ ವಿಷಯ. ಇದನ್ನು ನಾನು ತೀರ್ಮಾನವೆಂದು ಮಂಡಿಸುತ್ತಿಲ್ಲ. ಬೆಂಕಿಯ ಬಗೆಗೆ ಪುಟಗಟ್ಟಲೆ ಬರೆದ ಚರಿತ್ರೆಕಾರರು ಬಾಸಿಂಗದ ಬಗೆಗೆ ಒಂದು ಪುಟವನ್ನಾದರೂ ಬರೆಯಬಹುದಿತ್ತು ಎನ್ನುತ್ತಿದ್ದೇನೆ.

ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಮೈಸೂರಿನ ದಿವಾನರಿಗೆಂದೇ ಒಂದು ಸಂಪುಟವಿದೆ. ಮಹಾರಾಣಿಯರಿಗೆ ಸಂಪುಟವಿಲ್ಲ. ಇದನ್ನು ಆಕ್ಷೇಪವೆಂದು ಹೇಳಿದರೆ ಅನ್ಯಾಯವಾದೀತು. ತಾವು ಕಂಡವರನ್ನು, ಮಾತಾಡಿಸಿದವರನ್ನು ಕುರಿತು ಅವರು ಬರೆದರು. ಗೋಷಾದೊಳಗಿನ ಮಹಾರಾಣಿಯವರನ್ನು ಒಬ್ಬ ಪತ್ರಕರ್ತ ಕಾಣುವ ಸಂಭವ ಎಲ್ಲಿತ್ತು? ಕನ್ನಡದ ವ್ಯಕ್ತಿಚಿತ್ರ ಪ್ರಕಾರವು ಹಜಾರದ ಪ್ರಕಾರ. ಹಜಾರಕ್ಕೆ ಬಾರದವರು ಅದರೊಳಗೆ ಸೇರಲಿಲ್ಲ.

ಇದೇ ಕಾಲದ ಇನ್ನೊಂದು ಅರಮನೆಯೊಡನೆ ಹೋಲಿಸಿದರೆ ಈ ಮೌನದ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಸ್ತಾಂಬುಲ್ಲಿನ ಆಟೋಮನ್ ಅರಮನೆಯಲ್ಲಿ ಕೊನೆಯ ಶತಮಾನದ ರಾಣಿಯರು ಹೆಚ್ಚಾಗಿ ಕಾಕಸಸ್ ಸೀಮೆಯಿಂದ ಬಂದವರು. ಅರಮನೆಯನ್ನು ಹೊಕ್ಕ ಕೂಡಲೇ ಅವರ ಹುಟ್ಟುಹೆಸರು ಹೋಗಿ ಪಾರಸಿಯ ಒಂದು ಅಲಂಕಾರದ ಹೆಸರು ಬರುತ್ತಿತ್ತು. ಸುಲ್ತಾನನ ಪತ್ನಿಯರಿಗೆ ಮೊದಲನೆಯ ಕಾದಿನ್, ಎರಡನೆಯ ಕಾದಿನ್ ಎಂದು ಅನುಕ್ರಮದ ಸ್ಥಾನ. ಮಗ ಪಟ್ಟಕ್ಕೆ ಬಂದರೆ ತಾಯಿಗೆ ‘ವಾಲಿದೆ ಸುಲ್ತಾನ್’ ಎಂಬ ಪದವಿ. ಆ ಪದವಿಯಿಂದಲೇ ಕಟ್ಟಡ ಕಟ್ಟಿಸುವ ಯೋಗ್ಯತೆ. ಸುಲ್ತಾನ್ ಅಬ್ದುಲ್ ಮಜೀದನ ತಾಯಿ ಬೆಜ್ಮಿಯಾಲೆಮ್ 1840ರ ದಶಕದಲ್ಲಿ ಬಡವರಿಗಾಗಿ ಆಸ್ಪತ್ರೆ ಕಟ್ಟಿಸಿದರು. ಅಬ್ದುಲ್ ಅಜೀಜನ ತಾಯಿ ಪೆರ್ತೆವ್‌ನಿಯಾಲ್ 1871ರಲ್ಲಿ ಮಸೀದಿ ಕಟ್ಟಿಸಿದರು. ಹುಟ್ಟುಹೆಸರು ಅಳಿಸಿಹೋಗಿ ಕಟ್ಟಡದ ಹೆಸರಾಗಿ ಉಳಿಯುವ ಈ ಕ್ರಮ ನಮ್ಮ ಸನ್ನಿಧಾನಗಳಿಗಿಂತ ಬಹಳ ದೂರದ್ದಲ್ಲ. ವ್ಯತ್ಯಾಸವೂ ಇದೆ, ಅದು ಸಣ್ಣದಲ್ಲ. ಕೆಂಪನಂಜಮ್ಮಣ್ಣಿಯವರಿಗೆ ತೌರಿತ್ತು, ತಮ್ಮನಿದ್ದ, ಕುಲದ ಹೆಸರಿತ್ತು. ಇಸ್ತಾಂಬುಲ್ಲಿನ ರಾಣಿಗೆ ಅರಮನೆಯೇ ತೌರು.

ಆದರೂ ಬರೆಹದ ವಿಷಯದಲ್ಲಿ ಆ ಅರಮನೆ ನಮ್ಮದಕ್ಕಿಂತ ಮುಂದೆ ಹೋಯಿತು. ಅರಮನೆ ವೈದ್ಯರ ಮಗಳಾಗಿ ಅಂತಃಪುರದಲ್ಲಿ ಬೆಳೆದ ಕವಯಿತ್ರಿ ಲೇಲಾ ಸಾಜ್ ತಮ್ಮ ನೆನಪುಗಳನ್ನು 1920ರ ದಶಕದಲ್ಲಿ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಎರಡನೆಯ ಅಬ್ದುಲ್ ಹಮೀದನ ಮಗಳು ಆಯಿಷೆ 1960ರಲ್ಲಿ ತಂದೆಯನ್ನು ಕುರಿತ ಸ್ಮರಣೆಗಳನ್ನು ಪುಸ್ತಕವಾಗಿ ತಂದರು. ಒಳಮನೆಯ ಊಟ, ಉಡಿಗೆ, ಹಬ್ಬ, ಭಯ, ಬೇಸರ ಎಲ್ಲವೂ ಅಲ್ಲಿ ದಾಖಲಾದವು. ಇದಕ್ಕೆ ಕಾರಣ ಆ ಹೆಂಗಸರು ಹೆಚ್ಚು ಓದಿದವರೆಂಬುದಲ್ಲ. 1924ರ ಮಾರ್ಚಿಯಲ್ಲಿ ಆ ವಂಶವನ್ನೇ ದೇಶದಿಂದ ಹೊರಗಟ್ಟಲಾಯಿತು. ಅರಮನೆ ಮುಗಿದುಹೋಗಿತ್ತು, ಮುಚ್ಚಿಡಬೇಕಾದ ಮರ್ಯಾದೆ ಉಳಿದಿರಲಿಲ್ಲ. ಕೊನೆಯ ಕಲೀಫ ಎರಡನೆಯ ಅಬ್ದುಲ್ ಮಜೀದನ ಮಗಳು ದುರ್ರುಶೆಹವಾರ್ 1931ರಲ್ಲಿ ಹೈದರಾಬಾದಿನ ನಿಜಾಮರ ಸೊಸೆಯಾಗಿ ಬಂದದ್ದು ಈ ದೇಶಭ್ರಷ್ಟತೆಯ ಫಲವೇ. ಅಂದು ರಾಯಚೂರು, ಕಲಬುರಗಿ, ಬೀದರ್ ಸೀಮೆಯ ಕನ್ನಡಿಗರಿಗೆ ಇಸ್ತಾಂಬುಲ್ಲಿನ ರಾಜಕುಮಾರಿ ಒಡೆಯರ ಮನೆಯ ಸೊಸೆಯಾಗಿದ್ದರು ಎಂಬುದನ್ನು ನಮ್ಮ ಚರಿತ್ರೆ ಬರೆಹಗಳು ಅಷ್ಟಾಗಿ ನೆನೆಯುವುದಿಲ್ಲ. ಮೈಸೂರು ಮನೆತನಕ್ಕೆ ಇಂಥ ಪತನ ಬರಲಿಲ್ಲ. ಅದು ಗೌರವದಿಂದ ಗಣರಾಜ್ಯದೊಳಗೆ ಸೇರಿಕೊಂಡಿತು. ಉಳಿದುಕೊಂಡ ಮನೆ ತನ್ನ ಒಳಮನೆಯ ಬಾಗಿಲನ್ನು ತೆರೆಯಲಿಲ್ಲ.

ಈ ಮಾತು ಕನ್ನಡ ಕಾದಂಬರಿಯ ಮಟ್ಟಿಗೂ ನಿಜ. ಕನ್ನಡದ ಐತಿಹಾಸಿಕ ಕಾದಂಬರಿಯಲ್ಲಿ ನೆನಪಿನಲ್ಲಿ ಉಳಿಯುವ ರಾಣಿಯರೆಲ್ಲ ಬಿದ್ದುಹೋದ ಅರಮನೆಗಳವರು. ಮಾಸ್ತಿಯವರ ‘ಚೆನ್ನಬಸವನಾಯಕ’ದ ವೀರಮ್ಮಾಜಿ ಬಿದನೂರಿನ ಕೊನೆಯ ರಾಣಿ, ‘ಚಿಕವೀರರಾಜೇಂದ್ರ’ದ ಗೌರಮ್ಮಾಜಿ ಕೊಡಗಿನ ಕೊನೆಯ ಅರಸನ ಪಟ್ಟದ ರಾಣಿ. ಇವರೆಲ್ಲರಿಗಿಂತ ನಮಗೆ ಹತ್ತಿರದವರು ದುರ್ಗದ ನಾಗತಿಯರು. ಅವರನ್ನು ಬರೆದ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರವೇ ಚಳ್ಳಕೆರೆ ತಾಲ್ಲೂಕಿನ ತಳುಕು. ತ.ಸು. ವೆಂಕಣ್ಣಯ್ಯನವರೂ ಆ ಮನೆತನದವರೇ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ದಿಂದ ಹಿಡಿದು 1982ರ ‘ದುರ್ಗಾಸ್ತಮಾನ’ದವರೆಗೆ ಎಂಟು ಕಾದಂಬರಿಗಳಲ್ಲಿ ಅವರು ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಕಥನವಾಗಿಸಿದರು. ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ಲೇಖಕರು ಇರಲಿಲ್ಲ.

‘ದುರ್ಗಾಸ್ತಮಾನ’ದ ಓಬವ್ವ ನಾಗತಿಯನ್ನು ವಾಣಿವಿಲಾಸರ ಪಕ್ಕದಲ್ಲಿಟ್ಟು ನೋಡಬೇಕು. ಕಸ್ತೂರಿ ರಂಗಪ್ಪ ನಾಯಕ ಮಕ್ಕಳಿಲ್ಲದೆ ತೀರಿಕೊಂಡಾಗ, 1754ರಲ್ಲಿ, ದುರ್ಗದ ಗಾದಿ ಬರಿದಾಗುತ್ತದೆ. ಜಾನಕಲ್ಲಿನಿಂದ ಹುಡುಗನೊಬ್ಬನನ್ನು ತಂದು ಮದಕರಿ ನಾಯಕನಾಗಿ ಕೂರಿಸುವ ಕಾರ್ಯದ ಹಿಂದೆ ಈ ರಾಜಮಾತೆ ಇದ್ದಾಳೆ. ಹತ್ತು ಹನ್ನೆರಡರ ಹುಡುಗ ಗಾದಿಯ ಮೇಲೆ, ವಿಧವೆಯಾದ ಹಿರಿಯ ಹೆಣ್ಣು ಅದರ ಹಿಂದೆ, ದಳವಾಯಿ ಪ್ರಧಾನಿಗಳು ಸುತ್ತ: 1895ರ ಮೈಸೂರಿನ ಚಿತ್ರವೂ ಇದೇ. ಕಾದಂಬರಿಕಾರ ನಾಗತಿಗೆ ಮಾತು ಕೊಟ್ಟರು, ಸಂಶಯ ಕೊಟ್ಟರು, ನಿದ್ದೆಯಿಲ್ಲದ ರಾತ್ರಿಗಳನ್ನು ಕೊಟ್ಟರು. ದಾಖಲೆಗಳು ಹೆಚ್ಚಾಗಿದ್ದ ಮಹಾರಾಣಿಗೆ ಇದಾವುದೂ ಸಿಗಲಿಲ್ಲ. ಬಖೈರಿನ ನಾಲ್ಕು ಸಾಲಿನಿಂದ ಒಂದು ಜೀವ ಎದ್ದುಬಂದಿತು. ವರದಿಗಳ ಕಪಾಟಿನಿಂದ ಏಳಲಿಲ್ಲ.

ತ.ರಾ.ಸು. ಅವರ ವಿಧಾನವನ್ನು ಪ್ರಶ್ನಿಸದೆ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಅವರ ನಾಗತಿಯರ ಬದುಕಿನ ಕೇಂದ್ರ ಯಾವಾಗಲೂ ದುರ್ಗವೇ. ದುರ್ಗದ ಒಳಿತು ಎಂಬ ಒಂದೇ ಅಳತೆಯಿಂದ ಅವರ ಪ್ರೀತಿ, ದ್ವೇಷ, ತ್ಯಾಗಗಳು ಅಳೆಯಲ್ಪಡುತ್ತವೆ. ಕೋಟೆಯ ಹೊರಗೆ ದೊರೆಗೆ ಕುರಿ ಕಂಬಳಿ ಒಪ್ಪಿಸುತ್ತಿದ್ದ ಬಯಲಸೀಮೆಯ ಹೆಣ್ಣುಗಳು ಆ ಕಥನದಲ್ಲಿ ಅಂಚಿಗೆ ಸರಿಯುತ್ತಾರೆ. 1779ರಲ್ಲಿ ದುರ್ಗ ಬಿದ್ದ ಮೇಲೆ ಹೈದರಾಲಿ ಮದಕರಿಯ ಕುಟುಂಬವನ್ನು ಶ್ರೀರಂಗಪಟ್ಟಣಕ್ಕೆ ಒಯ್ದುದರ ಜೊತೆಗೆ ಸುಮಾರು 20,000 ಬೇಡರನ್ನೂ ಅಲ್ಲಿಗೆ ಸಾಗಿಸಿದನೆಂದು ಚರಿತ್ರೆಕಾರರು ಬರೆದಿದ್ದಾರೆ. ಆ ಜನರ ಅಸ್ತಮಾನಕ್ಕೆ ಇನ್ನೂ ಕಾದಂಬರಿ ಬಂದಿಲ್ಲ. ಮತ್ತೊಂದು ಮಾತನ್ನೂ ಇಲ್ಲಿ ಸೇರಿಸಬಹುದು. ಇಂದು ನಾಡಿನ ಯಾವ ಮೂಲೆಯಲ್ಲಿ ಓಬವ್ವ ಎಂದರೂ ನೆನಪಾಗುವುದು ಒನಕೆಯ ಓಬವ್ವ, ಕಹಳೆಯವನ ಹೆಂಡತಿ. 1972ರ ‘ನಾಗರಹಾವು’ ಚಿತ್ರ ಆಕೆಯನ್ನು ಮನೆಮನೆಗೆ ತಲುಪಿಸಿತು. ಅದೇ ಹೆಸರಿನ ನಾಗತಿ ಕಾದಂಬರಿಯ ಓದುಗರಿಗೆ ಮಾತ್ರ ಗೊತ್ತು. ಅರಮನೆಯ ಓಬವ್ವನಿಗಿಂತ ಕಾವಲುಗಾರನ ಮನೆಯ ಓಬವ್ವ ದೊಡ್ಡವಳಾದಳೆಂಬುದು ಈ ಸೀಮೆಯ ನೆನಪಿನ ನಡವಳಿಕೆಯನ್ನು ತೋರಿಸುತ್ತದೆ.

ಮೌಖಿಕ ಪರಂಪರೆಗೆ ಬಂದರೆ ಈ ನಡವಳಿಕೆ ಇನ್ನೂ ಗಟ್ಟಿಯಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯಂಥ ಹಾಡುಗಾರ್ತಿಯರ ಕಂಠದಲ್ಲಿ ಸಾವಿರಾರು ಸಾಲುಗಳು ಬದುಕಿದ್ದವು. ಕಾಡುಗೊಲ್ಲರ ಜುಂಜಪ್ಪ, ಮ್ಯಾಸಬೇಡರ ಗಾದ್ರಿಪಾಲನಾಯಕ ಇಲ್ಲಿಯ ಕಥನಗಳ ನಾಯಕರು. ದನ, ಕರು, ಹುಲ್ಲು, ನೀರು ಇವೇ ಆ ಕಾವ್ಯಗಳ ಸಂಪತ್ತು. ಅಲ್ಲಿ ಹೆಣ್ಣು ತಾಯಿಯಾಗಿ, ತಂಗಿಯಾಗಿ, ದೇವಿಯಾಗಿ ಬರುತ್ತಾಳೆ. ಸಿಂಹಾಸನಕ್ಕೆ ಅಲ್ಲಿ ಕೆಲಸವಿಲ್ಲ. ಮೈಸೂರು ಅರಮನೆಯ ಹೆಸರು ಈ ಜನರ ನಿತ್ಯಜೀವನವನ್ನು ಮುಟ್ಟಿದ್ದು ಅಮೃತಮಹಲ್ ಕಾವಲುಗಳ ಮೂಲಕ. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟನು. ಅರಮನೆಯ ಬೆಣ್ಣೆಗೆಂದು ಶುರುವಾದ ಆ ಹುಲ್ಲುಗಾವಲುಗಳು ಇತ್ತೀಚಿನವರೆಗೂ ಚಳ್ಳಕೆರೆಯ ದನಗಾಹಿಗಳ ಆಸರೆಯಾಗಿದ್ದವು.

ಇನ್ನು ನದಿಯ ವಿಷಯ. ಮಾರಿಕಣಿವೆಯ ಅಣೆಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಅಂದರೆ ಮಹಾರಾಣಿಯವರ ಆಡಳಿತದಲ್ಲಿ ಶುರುವಾಗಿ ಮಗನ ಆಡಳಿತದಲ್ಲಿ ಮುಗಿದ ಕೆಲಸ. ಅದೇ 1898 ಬೆಂಗಳೂರು, ಮೈಸೂರುಗಳಲ್ಲಿ ಪ್ಲೇಗು ಹರಡಿದ ವರ್ಷವೆಂಬುದನ್ನು ನೆನೆದರೆ, ಬೊಕ್ಕಸದ ಮೇಲೆ ಎಷ್ಟು ಕಡೆಯಿಂದ ಒತ್ತಡವಿತ್ತೆಂಬುದು ಅರ್ಥವಾಗುತ್ತದೆ. ಸುಟ್ಟ ಅರಮನೆ, ಪ್ಲೇಗು, ಶಿವನಸಮುದ್ರ, ಮಾರಿಕಣಿವೆ ಎಲ್ಲವೂ ಒಟ್ಟಿಗೆ. ಈ ಖರ್ಚುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ನಿರ್ಣಯದಲ್ಲಿ ಮಹಾರಾಣಿಯವರ ಮಾತು ಎಷ್ಟು ನಡೆಯಿತೆಂಬುದನ್ನು ಪರಿಶೀಲಿಸಿದರೆ ಮೇಲೆ ಹೇಳಿದ ಎರಡು ಸಿದ್ಧ ಉತ್ತರಗಳ ನಡುವೆ ಮೂರನೆಯದೊಂದು ದೊರೆಯಬಹುದು.

ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದ ಅಚ್ಚುಕಟ್ಟಿನ ಬಹುಭಾಗ ಹಿರಿಯೂರು ತಾಲ್ಲೂಕಿನದು. ಹಿರಿಯೂರಿಗೆ ತೆಂಗು, ಅಡಕೆ, ಕಬ್ಬು ಬಂದುದು ಅದರಿಂದ. ಕೆಳಗಿನ ಚಳ್ಳಕೆರೆಗೆ ಉಳಿದದ್ದು ಶೇಂಗಾ ಮತ್ತು ಮರಳು. ವಾಣಿವಿಲಾಸದ ಪ್ರಶಸ್ತಿ ಬರೆದವರೆಲ್ಲ ಕಣಿವೆಯ ಮೇಲೆ ನಿಂತು ನೀರಿನ ಕಡೆ ಮುಖಮಾಡಿ ಬರೆದಿದ್ದಾರೆ. ಬೆನ್ನ ಹಿಂದಿನ ನದಿಯನ್ನು ಯಾರೂ ತಿರುಗಿ ನೋಡಲಿಲ್ಲ. ಇದನ್ನು ಮಹಾರಾಣಿಯವರ ದೋಷವೆಂದು ಹೇಳುವುದು ಬಾಲಿಶವಾದೀತು. ಆ ಕಾಲದ ನೀರಾವರಿ ಲೆಕ್ಕದಲ್ಲಿ ಕೆಳದಂಡೆಯ ಹಳ್ಳಿ ಎಂಬ ಕಲಂ ಇರಲಿಲ್ಲ. ಆದರೆ ಹೆಸರನ್ನು ಹೊತ್ತ ಮೇಲೆ ಆ ಹೆಸರಿನ ಚರಿತ್ರೆಯಲ್ಲಿ ಈ ಹಳ್ಳಿಗಳೂ ಸೇರಬೇಕು. ಚಳ್ಳಕೆರೆ ಪಟ್ಟಣ ಈಗ ಅದೇ ಸಾಗರದ ನೀರನ್ನು ಕೊಳವೆಯಲ್ಲಿ ಕುಡಿಯುತ್ತದೆ. ನದಿಗೆ ನೀರು ಬಿಡಬೇಕೆಂಬ ಬೇಡಿಕೆ ಹಳ್ಳಿಗಳಲ್ಲಿ ಬೇಸಿಗೆ ಬೇಸಿಗೆಗೂ ಏಳುತ್ತದೆ.

ಇಲ್ಲಿ ಇನ್ನೊಂದು ಹೆಣ್ಣಿನ ಹೆಸರನ್ನು ಗಮನಿಸಬೇಕು. ಕಣಿವೆ ಮಾರಮ್ಮನಿಂದ ಮಾರಿಕಣಿವೆ. ಸರ್ಕಾರಿ ಕಾಗದದಲ್ಲಿ ಗ್ರಾಮದೇವತೆಯ ಜಾಗಕ್ಕೆ ಮಹಾರಾಣಿ ಬಂದರು. ಜನರ ಬಾಯಲ್ಲಿ ಮಾರಮ್ಮ ಹೋಗಲಿಲ್ಲ. ಎರಡು ಹೆಸರುಗಳು ನೂರು ವರ್ಷದಿಂದ ಜಗಳವಿಲ್ಲದೆ ಒಂದೇ ಕಟ್ಟೆಯ ಮೇಲೆ ಕೂತಿವೆ: ಬರೆಯುವಾಗ ಒಂದು, ಹರಕೆ ಹೊರುವಾಗ ಇನ್ನೊಂದು.

ದಾನಕ್ಕೆ ರಾಣಿಯ ಹೆಸರು ಸೇರುವ ಕ್ರಮ ಎಷ್ಟು ಹಳೆಯದೆಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಬಳಿ ನಿಂತಾಗ ಒಂದು ಸಂಗತಿ ನೆನಪಾಗುತ್ತದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ. ಚಿತ್ರದುರ್ಗ ಜಿಲ್ಲೆಯ ಶಾಸನಸಂಪುಟ ಹೊರಬಂದುದು ರಾಜಪ್ರತಿನಿಧಿತ್ವ ಮುಗಿಯುತ್ತಿದ್ದ ಹೊತ್ತಿಗೆ. ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಹೋದದ್ದು. ಅಲ್ಲಿ ರಾಣಿಯ ಸುಳಿವಿಲ್ಲ. ಆದರೆ ಅದೇ ಅಶೋಕನ ಅಲಹಾಬಾದಿನ ಸ್ತಂಭದ ಮೇಲೆ ಎರಡನೆಯ ರಾಣಿ, ತೀವಲನ ತಾಯಿ ಕಾರುವಾಕಿಯ ಮಾತಿದೆ. ಆಕೆ ಕೊಟ್ಟ ಮಾವಿನ ತೋಪು, ಉದ್ಯಾನ, ಧರ್ಮಶಾಲೆಗಳು ಆಕೆಯವೆಂದೇ ಲೆಕ್ಕಕ್ಕೆ ಹೋಗಬೇಕು ಎಂಬ ಅರ್ಥದ ಆಜ್ಞೆ ಅದು. ‘ಮಗನ ತಾಯಿ’ ಎಂಬ ಗುರುತಿನ ಜೊತೆಗೆ ಸ್ವಂತ ಹೆಸರನ್ನೂ ಕೆತ್ತಿಸಲಾಗಿದೆ. ಕೆಂಪನಂಜಮ್ಮಣ್ಣಿಯವರ ವಿಷಯದಲ್ಲಿ ನಮ್ಮ ಚರಿತ್ರೆ ಮೊದಲ ಗುರುತನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟಿತು. ಲೆಕ್ಕಕ್ಕೆ ಯಾವುದು ಆಕೆಯದು, ಯಾವುದು ದಿವಾನರದು, ಯಾವುದು ಕಳಲೆಯದು ಎಂದು ಬಿಡಿಸಿ ಬರೆಯುವ ಜೀವನಚರಿತ್ರೆ ಕನ್ನಡಕ್ಕೆ ಬೇಕಾಗಿದೆ. ಅರಮನೆಯ ಕಾಗದಪತ್ರಗಳ ಜೊತೆಗೆ ಪರಶುರಾಂಪುರದ ದಂಡೆಯನ್ನೂ ಆಕರವಾಗಿ ಇಟ್ಟುಕೊಳ್ಳುವ ಸಂಶೋಧಕರಿಂದ ಮಾತ್ರ ಅದು ಸಾಧ್ಯವೆಂದು ನಾನು ನಂಬುತ್ತೇನೆ.

ವಾಣಿವಿಲಾಸ ಸಾಗರ ಮೊದಲ ಬಾರಿಗೆ ತುಂಬಿ ಕೋಡಿ ಹರಿದದ್ದು 1933ರಲ್ಲಿ, ಮಹಾರಾಣಿಯವರು ತೀರಿಕೊಳ್ಳುವ ಹಿಂದಿನ ವರ್ಷ. ಮತ್ತೆ ಕೋಡಿ ಬೀಳಲು 2022ರವರೆಗೆ, ಎಂಬತ್ತೊಂಬತ್ತು ವರ್ಷ, ಕಾಯಬೇಕಾಯಿತು. ಆ ಸೆಪ್ಟೆಂಬರಿನಲ್ಲಿ ವೇದಾವತಿ ತುಂಬಿ ಹರಿಯಿತು, ನೀರು ನೋಡಲು ಜನ ಹೊರಟರು. ಪತ್ರಿಕೆಗಳಲ್ಲಿ ಅಚ್ಚಾದದ್ದು ವಾಣಿವಿಲಾಸ ಸಾಗರ ಎಂದು. ದಂಡೆಯ ಮೇಲೆ ನಿಂತ ಮುದುಕರು ಹೇಳುತ್ತಿದ್ದುದು, ಮಾರಿಕಣಿವೆ ಕೋಡಿ ಬಿದ್ದೈತೆ ಎಂದು.